ಕಾಲೂರದ ಮೆರವಣಿಗೆ

ಬರಕಾತನಿಗೆ ವೇಗವೆಂದರೆ ನೀರು ಕುಡಿದಷ್ಟು ಸಲೀಸು. ಕೈರೋದ ಔಷಧಿ ಅಂಗಡಿಯೊಂದರಿಂದ ಮನೆಮನೆಗೆ ಮದ್ದು ಮುಟ್ಟಿಸುವ ಕೆಲಸ ಅವನದು. ನೈಲ್ ಸೇತುವೆಯ ಮೇಲೆ ಟ್ಯಾಕ್ಸಿಯವರು ಅವನನ್ನು ಬೈದು ಮುಗಿಸುವಷ್ಟರಲ್ಲಿ ಆಸಾಮಿ ಆಚೆ ದಡದಲ್ಲಿರುತ್ತಿದ್ದ. ಅದೇ ಮೋಟಾರ್‌ಸೈಕಲ್ ನಮ್ಮ ಓಣಿಗೆ ತಿರುಗಿ ನಡಿಗೆಯ ವೇಗಕ್ಕೆ ಇಳಿಯಿತೋ, ಮುಗಿಯಿತು ಕಥೆ. ಮುಂದಿನ ಗಾಲಿಯನ್ನೇ ದಿಟ್ಟಿಸುತ್ತ, ಎರಡೂ ಕಾಲು ಚಾಚಿ ನೆಲ ಕೆರೆಯುತ್ತ ಬರುತ್ತಿದ್ದ. ಓಣಿಯವರು ಅವನಿಗೆ ಬಾತುಕೋಳಿ ಅಂತ ಹೆಸರಿಟ್ಟಿದ್ದರು. ಅಂಥವನು ಮನಸ್ಸು ಕೊಟ್ಟಿದ್ದು ಯಾರಿಗೆ ಅಂತೀರಿ? ಮಿತ್ವಲ್ಲಿಯ ಮಗಳು ಇನ್ಶಿರಾಹಳಿಗೆ.

ಮಿತ್ವಲ್ಲಿ ರೊಟ್ಟಿ ಸಾಗಿಸುವವನು. ತಲೆಯ ಮೇಲೆ ಬಾಗಿಲಿನಷ್ಟು ಅಗಲದ ಮರದ ತಟ್ಟಿ, ಅದರ ತುಂಬ ಬಿಸಿ ರೊಟ್ಟಿ. ಒಂದು ಕೈ ತಟ್ಟಿಗೆ, ಇನ್ನೊಂದು ಸೈಕಲ್ಲಿನ ಹ್ಯಾಂಡಲ್ಲಿಗೆ. ಬಸ್ಸು ಅಡ್ಡ ಬರಲಿ, ಕತ್ತೆಗಾಡಿ ಅಡ್ಡ ಬರಲಿ, ಇದ್ದಲ್ಲೇ ತೂಗಾಡಿಕೊಂಡು ನಿಲ್ಲುತ್ತಿದ್ದನೇ ಹೊರತು ತಟ್ಟಿ ಹೊತ್ತಾಗ ಅವನು ನೆಲಕ್ಕೆ ಕಾಲೂರಿದ್ದನ್ನು ಕಂಡವರಿಲ್ಲ. ಅದರ ಬಗ್ಗೆ ಅವನಿಗೆ ಜಂಬ ಇತ್ತು. ಇರಲಿ ಬಿಡಿ, ಆ ಕಲೆ ನಮಗಿದ್ದಿದ್ದರೆ ನಾವೂ ಜಂಬ ಪಡುತ್ತಿದ್ದೆವು.

ನಿಶ್ಚಿತಾರ್ಥದ ದಿನ ಬರಕಾತ್ ಹೊಸ ಅಂಗಿ ತೊಟ್ಟು, ಪಾಕದಲ್ಲಿ ನೆನೆದ ರವೆಯ ಸಿಹಿ ಬಸ್ಬೂಸದ ತಟ್ಟೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟುಕೊಂಡು ಬಂದ. ರೊಟ್ಟಿ ಸುಡುವ ಅಂಗಡಿಯ ಮುಂದೆ ಬೆಕ್ಕೊಂದು ಅಡ್ಡ ಬಂತು. ಗಾಡಿ ನಿಧಾನವಾಯಿತು, ವಾಲಿತು. ಆರಲು ಹರಡಿದ್ದ ರೊಟ್ಟಿಯ ಮೇಲೆ ಅಳಿಯ, ಅಳಿಯನ ಮೇಲೆ ಬಸ್ಬೂಸ. ಬೆಕ್ಕಿಗೆ ಏನೂ ಆಗಲಿಲ್ಲ.

ಮರುದಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಕೂತಿದ್ದಾಗ ಮಿತ್ವಲ್ಲಿ ಬಾಯಿ ಬಿಟ್ಟ.

"ಅಲ್ಲಪ್ಪಾ ಅಳಿಯ, ಇಷ್ಟು ದಿನ ಓಡಿಸ್ತಿದ್ದಿದ್ದು ಪೆಟ್ರೋಲು, ನೀನಲ್ಲ. ಮದುವೆ ಮೆರವಣಿಗೇಲಿ ನನ್ ಮಗಳನ್ನ ಹಿಂದೆ ಕೂರಿಸ್ಕೊಂಡು ಡೋಲಿನವರ ಹಿಂದೆ ಬಾ. ದಾರೀಲಿ ನಿನ್ ಕಾಲು ನೆಲಕ್ಕೆ ತಾಗ್ತೋ, ಅವಳು ಅಲ್ಲೇ ಇಳಿದು ನನ್ ಜೊತೆ ವಾಪಸ್ ಮನೆಗೆ."

ಕಾಫಿ ಅಂಗಡಿಯಲ್ಲಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರು ನಮ್ಮ ಓಣಿಯೊಳಗೆ ನುಗ್ಗುವುದಿಲ್ಲ. ಡೋಲಿನವರೋ, ಪ್ರತಿ ಬಾಗಿಲಲ್ಲೂ ನಿಂತು, ಆ ಮನೆಯವರು ಕುಣಿದು ಸುಸ್ತಾಗುವ ತನಕ ಬಾರಿಸುವ ಜನ. ಬರಕಾತನ ಮುಖ ಬಿಳಿಚಿಕೊಂಡಿತು.

ಇನ್ಶಿರಾಹ ಮಾತ್ರ ನಕ್ಕಳು. ಅಪ್ಪನ ಹಳೇ ಸೈಕಲ್ಲನ್ನು ತಾನೇ ಹೊತ್ತು ಮಾಳಿಗೆಯ ಮೇಲೆ ಸಾಗಿಸಿದಳು. ಬಟ್ಟೆ ಒಣಗಿಸುವ ಹಗ್ಗ ಮತ್ತು ಪಾರಿವಾಳದ ಗೂಡಿನ ನಡುವೆ ಆಮೆಯಂತೆ ಸುತ್ತು ಹೊಡೆಯಬೇಕೆಂದು ಬರಕಾತನಿಗೆ ಅಪ್ಪಣೆ ಮಾಡಿದಳು. ಕಾವಲಿಗೆಂದು ಅವಳ ತಾಯಿ ಗಮಾಲಾತ್ ಮೂಲೆಯಲ್ಲಿ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಳು. ನಕ್ಕೂ ನಕ್ಕೂ ಆ ತಾಯಿಗೆ ಸೊಪ್ಪು ಯಾವುದು ದಂಟು ಯಾವುದು ಎನ್ನುವುದೇ ಮರೆತುಹೋಯಿತು. ಕೆಳಗಿನ ಕೋಣೆಯಲ್ಲಿ ಮಿತ್ವಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಅವನು ಮಲಗಿದರೆ ಭೂಕಂಪಕ್ಕೂ ಏಳುವುದಿಲ್ಲ ಅಂತ ಹೆಂಡತಿ ಧೈರ್ಯ ಹೇಳಿದ್ದಳು.

ತುಳಿಯುತ್ತಲೂ ಇರಬೇಕು, ಬ್ರೇಕನ್ನೂ ಮೆಲ್ಲಗೆ ಹಿಡಿದಿರಬೇಕು, ಎರಡರ ಎಳೆದಾಟದಲ್ಲಿ ಸೈಕಲ್ಲು ನೆಟ್ಟಗೆ ನಿಲ್ಲುತ್ತದೆ ಅಂತ ಇನ್ಶಿರಾಹ ಹೇಳಿಕೊಟ್ಟಳು. ಬರಕಾತ್ ತುಳಿದ, ಹಿಡಿದ, ಬಿದ್ದ. ಎದ್ದು ಇನ್ನೊಮ್ಮೆ ಬಿದ್ದ. ಪಾರಿವಾಳಗಳು ಗೂಡು ಬಿಟ್ಟು ಪಕ್ಕದ ಮನೆಗೆ ಹೋದವು. ಅವನ ಕಣ್ಣು ಮಾತ್ರ ಗಾಲಿಯನ್ನು ಬಿಡಲೊಲ್ಲದು. ಕೊನೆಗೆ ಅವಳಿಗೆ ರೇಗಿತು. ತಾಯಿಯ ಮುಂದಿದ್ದ ಸೊಪ್ಪಿನ ತಟ್ಟೆಯನ್ನೇ ಎತ್ತಿ ಅವನ ತಲೆಯ ಮೇಲಿಟ್ಟಳು.

"ಈಗ ಕೆಳಗೆ ನೋಡು ನೋಡೋಣ. ಒಂದೆಲೆ ಬಿದ್ರೂ ನಮ್ಮಮ್ಮನ ಕೈಲಿ ಒದೆ ತಿನ್ನೋನು ನೀನೇ."

ಕತ್ತು ಬಗ್ಗಿಸಿದರೆ ಸೊಪ್ಪು ಬೀಳುತ್ತದೆ. ಬೇರೆ ದಾರಿಯಿಲ್ಲದೆ ದೂರದ ಮಿನಾರನ್ನು ನೋಡುತ್ತ ತುಳಿದ. ಸೈಕಲ್ಲು ತೆವಳಿತು, ನಿಂತಂತಾಯಿತು, ಮತ್ತೆ ತೆವಳಿತು. ಕಾಲು ಪೆಡಲಿನ ಮೇಲೇ ಇತ್ತು. ಹಗ್ಗದ ಮೇಲಿದ್ದ ಮಿತ್ವಲ್ಲಿಯ ಪೈಜಾಮ ಮುಖಕ್ಕೆ ಬಡಿದರೂ ಅವನು ಅಲುಗಲಿಲ್ಲ. ಖುಷಿಗೆ ಮೂವರೂ ಬಾಯಿ ಮುಚ್ಚಿಕೊಂಡು ಕುಣಿದರು. ಆಮೇಲೆ ನದಿಯ ದಂಡೆಯಲ್ಲಿ ಮೋಟಾರ್‌ಸೈಕಲ್ ಹತ್ತಿ ಅದನ್ನೇ ಮಾಡಿದ. ಅರ್ಧ ಕ್ಲಚ್ಚು, ಹಿಂದಿನ ಬ್ರೇಕಿನ ಮೇಲೆ ಹಗುರ ಕಾಲು, ಕಣ್ಣು ದೂರಕ್ಕೆ. ಗಾಡಿ ಪಳಗಿದ ಒಂಟೆಯಂತೆ ಹೇಳಿದ ಮಾತು ಕೇಳತೊಡಗಿತು.

ಮದುವೆಯ ದಿನ ಓಣಿಯ ಕಿಟಕಿಗಳಲ್ಲೆಲ್ಲ ತಲೆಗಳು. ಮುಂದೆ ಡೋಲು, ಅದರ ಹಿಂದೆ ಔತಣದ ರೊಟ್ಟಿಯ ತಟ್ಟಿ ಹೊತ್ತು ಸೈಕಲ್ಲಿನಲ್ಲಿ ಮಾವ, ಮಾವನ ಹಿಂದೆ ಅಳಿಯ, ಅವನ ಬೆನ್ನಿಗೆ ಬಿಳಿ ಉಡುಪಿನ ಇನ್ಶಿರಾಹ. ಡೋಲಿನವರು ಬೇಕೆಂದೇ ಎರಡರಷ್ಟು ಹೊತ್ತು ನಿಂತರು, ಪಾಪಿಗಳು. ರೊಟ್ಟಿ ಅಂಗಡಿಯ ಮುಂದೆ, ನನ್ನಾಣೆ, ಅದೇ ಬೆಕ್ಕು ಬಂತು. ಬಂದು ಗಾಲಿಯ ಮುಂದೆ ಕೂತು ಮೈ ನೆಕ್ಕತೊಡಗಿತು. ಗಾಡಿ ಎಡಕ್ಕೆ ವಾಲಿತು. ಓಣಿಗೆ ಓಣಿಯೇ ಉಸಿರು ಹಿಡಿಯಿತು.

"ಕತ್ತೆತ್ತು," ಅಂದಳು ಹಿಂದಿನಿಂದ.

ಬರಕಾತ್ ಬೆಕ್ಕನ್ನು ಬಿಟ್ಟು ಮಾವನ ತಲೆಯ ಮೇಲಿನ ತಟ್ಟಿಯನ್ನು ನೋಡಿದ. ಗಾಡಿ ನೆಟ್ಟಗಾಯಿತು. ಬೆಕ್ಕು ಸಾವಕಾಶವಾಗಿ ಎದ್ದು ಹೋಯಿತು. ಹೆಂಗಸರು ನಾಲಿಗೆ ಆಡಿಸಿ ಉಲುಲು ಕೇಕೆ ಹಾಕಿದ ಅಬ್ಬರಕ್ಕೆ ಡೋಲೇ ಕೇಳಿಸಲಿಲ್ಲ.

ಅವನ ಮನೆಯ ಬಾಗಿಲು ಮುಟ್ಟಿದಾಗ ಇನ್ಶಿರಾಹ ಇಳಿದಳು. ಹೊಸಿಲು ದಾಟುವ ಮುಂಚೆ ಒಮ್ಮೆ ತಿರುಗಿ ಅಪ್ಪನನ್ನು ನೋಡಿದಳು. ತಟ್ಟಿ ಹೊತ್ತು ಇದ್ದಲ್ಲೇ ತೂಗಾಡುತ್ತಿದ್ದ ಮಿತ್ವಲ್ಲಿಯ ಗಲ್ಲ ನಡುಗಿತು. ಸೈಕಲ್ಲು ವಾಲಿತು. ಅವನ ಕಾಲು ನೆಲಕ್ಕೆ ಬಂತು. ಡೋಲಿನವರ ಮೇಲೆಲ್ಲ ರೊಟ್ಟಿ ಸುರಿಯಿತು.

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಬರಕಾತ್ ಒಬ್ಬನೇ, ಇನ್ನೂ ಗಾಡಿಯ ಮೇಲೇ ತೂಗಾಡುತ್ತ, "ಮಾವ, ಕಾಲು..." ಅಂದ.

"ಗೊತ್ತು ಕಣಯ್ಯಾ," ಅಂದ ಮಿತ್ವಲ್ಲಿ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ. "ಮಾಳಿಗೆ ಮೇಲೆ ನಿನ್ ಕಾಲು ಧಡಾರಂತ ಬಿದ್ದಿದ್ದನ್ನೆಲ್ಲ ಕೆಳಗೆ ಮಲಗಿ ಕೇಳಿಸ್ಕೊಂಡು ಬಾಯಿ ಮುಚ್ಕೊಂಡಿದ್ದೆ. ನಂದು ಒಂದ್ಸಲ ಬೀಳಬಾರ್ದಾ? ಇಳಿ, ರೊಟ್ಟಿ ಆರಿಸು."