ತಪ್ಪು ಮಾಡದ ಎರಡು ಹಲ್ಲು

ನಮ್ಮ ಕಡೆ ಹಲ್ಲಿನ ಚಿಂತೆ ಯಾರೂ ಮಾಡುವುದಿಲ್ಲ. ಮುದ್ದೆ ನುಂಗುವುದು, ಅಗಿಯುವುದಲ್ಲ. ಹಲ್ಲುನೋವು ಬಂದರೆ ಒಂದು ಚೂರು ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡು ಕೆಲಸಕ್ಕೆ ಹೋಗುತ್ತೇವೆ. ತೀರಾ ತಾಳದಿದ್ದರೆ ಕೀಳಿಸುತ್ತೇವೆ. ನಾನೂ ಹಾಗೇ ಮಾಡಿದೆ. ಅಂತರಸಂತೆಯ ಸಂತೆಯಲ್ಲಿ ಇಕ್ಕಳ ಇಟ್ಟುಕೊಂಡು ಕೂರುವವನೊಬ್ಬನಿದ್ದ. ಬಲಗಡೆ ಮೇಲಿನ ಹಲ್ಲು ತೋರಿಸಿದೆ, ಕಿತ್ತ. ನೋವು ಹೋಗಲಿಲ್ಲ. ಮುಂದಿನ ವಾರ ಅದರ ಪಕ್ಕದ್ದು ತೋರಿಸಿದೆ, ಅದನ್ನೂ ಕಿತ್ತ. ನೋವು ಕದಲಲಿಲ್ಲ.

ಮೂರನೆಯದಕ್ಕೆ ಹೊರಟಾಗ ಸೊಸೆ ಅಡ್ಡ ನಿಂತಳು.

"ಅತ್ತೆ, ಇಂಗೇ ಕೀಳುಸ್ತಾ ಓದ್ರೆ ಬೊಚ್ಚುಬಾಯಾಗೋಯ್ತೀರಿ. ಉಣ್ಸೂರಿಗೆ ನಡೀರಿ, ಅಲ್ಲಿ ಹಲ್ಲಿನ ಡಾಕ್ಟ್ರು ಅವ್ರೆ."

ಹುಣಸೂರಿನ ಆ ಡಾಕ್ಟರು ನನ್ನ ಸೊಸೆಗಿಂತ ಚಿಕ್ಕ ಹುಡುಗಿ. ಕುರ್ಚಿಯಲ್ಲಿ ಒರಗಿಸಿ, "ಬಾಯಲ್ಲಿರೋದನ್ನ ಉಗೀರಿ ಅಜ್ಜಿ" ಎಂದಳು.

"ಅದು ಔಸ್ದಿ ಕಣವ್ವ."

"ಉಗೀರಿ."

ಉಗಿದೆ. ಮೇಲಿನ ಹಲ್ಲಿಗೆ ಬೆರಳಿಟ್ಟು, "ಇದನ್ನ ಕಿತ್ತಾಕು" ಎಂದೆ. ಅವಳು ಇಕ್ಕಳ ಮುಟ್ಟಲಿಲ್ಲ. ಮೊದಲು ಎಕ್ಸರೇ, ಮೇಲೂ ಕೆಳಗೂ ಎಂದಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತೆಳು ಚೂರೊಂದನ್ನು ಹಲ್ಲಿನ ಒಳಬದಿಗಿಟ್ಟು, ನನ್ನ ಬೆರಳಿನಿಂದಲೇ ಒತ್ತಿ ಹಿಡಿಸಿದಳು. ಮೂತಿಯಂಥ ಮೆಷಿನ್ನನ್ನು ಕೆನ್ನೆಗೆ ತಂದು ನಿಲ್ಲಿಸಿ, ತಾನು ಬಾಗಿಲಾಚೆ ಹೋದಳು. ನನ್ನನ್ನು ಬಿಟ್ಟು ಯಾಕೆ ಹೋದೆ ಎಂದು ಕೇಳೋಣವೆಂದರೆ ಬಾಯೊಳಗೆ ಬೆರಳು. ಟಿಕ್ ಅಂದಿತು. ನೋವಿಲ್ಲ, ಬಿಸಿಯಿಲ್ಲ. ಕೆಳಗಿನ ಹಲ್ಲಿಗೂ ಇನ್ನೊಂದು ಚೂರಿಟ್ಟು ಹಾಗೇ ಮಾಡಿದಳು.

ಆ ಚೂರುಗಳನ್ನು ಯಾವುದೋ ನೀರಿನಲ್ಲಿ ಅದ್ದಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ದವಡೆ! ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ, ಒಳಗೇನಿದೆ ಎಂದು ಕಂಡಿರಲಿಲ್ಲ. ಕಿತ್ತ ಹಲ್ಲಿನ ಬೇರು ನೋಡಿದ್ದೆ. ಮೂಳೆಯೊಳಗೆ ಬೇರು ಕಾಲೂರಿ ನಿಂತದ್ದನ್ನು ನೋಡಿರಲಿಲ್ಲ. ಹೂಳುವ ಹೆಣದ ಮೂಳೆಯನ್ನೂ ಯಾರೂ ನೋಡುವುದಿಲ್ಲ. ನಾನು ಉಸಿರಾಡುತ್ತಾ ನನ್ನದನ್ನು ನೋಡಿದೆ.

"ಮೇಲಿನದು ಗಟ್ಟಿಯಾಗಿದೆ ಅಜ್ಜಿ. ಇಲ್ಲಿ ನೋಡಿ, ಕೆಳಗಿನ ಹಲ್ಲು. ಸಂದಿಯಿಂದ ಹುಳುಕು ಒಳಗೆ ಹೋಗಿದೆ. ಬೇರಿನ ತುದಿಗೆ ಕಪ್ಪಗಿರೋದು ಕೀವು. ನೋವು ಇಲ್ಲಿ ಹುಟ್ಟಿ ಮೇಲೆ ಅನ್ನಿಸ್ತಿದೆ."

"ಅಂಗಾರೆ ಸಂತೇಲಿ ಕೀಳ್ಸಿದ್ದು?"

ಅವಳು ಚೂರನ್ನು ಕೆಳಗಿಟ್ಟು, "ಅವು ಚೆನ್ನಾಗೇ ಇದ್ದಿರಬೇಕು" ಎಂದಳು.

"ಕಳ್ಳನ್ನ ಬುಟ್ಟು ಪಕ್ಕದ್ಮನೆಯೋರ್ನ ಒಡದಂಗಾಯ್ತು ಬುಡಿ ಅತ್ತೆ" ಎಂದು ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ಮಾತ್ರೆ ಕೊಟ್ಟು, ಕೀವು ಇಳಿದ ಮೇಲೆ ಕೆಳಗಿನದೊಂದನ್ನೇ ಕಿತ್ತಳು. ನೋವು ನಿಂತಿತು. ನಾನು ಕೀಳಿಸಲು ಹೊರಟಿದ್ದ ಮೇಲಿನ ಮೂರನೆಯದು ಉಳಿಯಿತು. ಹೋದ ಎರಡು ಮತ್ತೆ ಬರುವುದಿಲ್ಲ.

ಕೆಳಗಿನ ಹಲ್ಲಿನ ಆ ಎಕ್ಸರೇ ಚೂರನ್ನು ಕೇಳಿ ತಂದೆ. ಈಗಲೂ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಪೋಣಿಸಲು ಹೆಂಗಸರೆಲ್ಲ ಕೂತಾಗ ಯಾವಳಾದರೂ ಕೆನ್ನೆ ಹಿಡಿದುಕೊಂಡು ಸಂತೆಗೆ ಹೊರಟರೆ, ಸೆರಗಿನ ಗಂಟು ಬಿಚ್ಚಿ ಅದನ್ನು ಬಿಸಿಲಿಗೆ ಹಿಡಿಯುತ್ತೇನೆ.

"ನೋವಿರೋ ಜಾಗ ಗೊತ್ತು ಅಂದ್ಕಂಡಿದ್ದೀಯಾ? ನಂಗೂ ಗೊತ್ತಿತ್ತು ಕಣೇ. ಮೊದ್ಲು ಇಂತಾ ಎಕ್ಸರೇ ತೆಗುಸ್ಕೊ ಓಗು."