ಅಡುಗೆಮನೆಯಿಂದ ಕೇಳಿದ ಆಟಗಾರ

ಸಾಸಿವೆ ಸಿಡಿಯುವ ಸದ್ದು ಕೇಳಿದರೆ ನಿಮಗೆ ಯಾರ ನೆನಪಾಗುತ್ತದೋ ಕಾಣೆ. ಅಮ್ಮನ ನೆನಪಾದರೆ ನೀವು ಪುಣ್ಯವಂತರು. ನನಗೆ ಕ್ರಿಕೆಟ್ ನೆನಪಾಗುತ್ತದೆ. ನಿನ್ನೆ ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನಲ್ಲಿ ಸಾರಿಗೆ ಒಗ್ಗರಣೆ ಇಟ್ಟೆ. ಸಾಸಿವೆ ಚಟಪಟ ಎಂದದ್ದೇ ತಡ, ಕಿವಿ ತಾನಾಗಿಯೇ ಆಚೆ ಕೋಣೆಯ ಟಿವಿಯತ್ತ ಹೋಯಿತು. ಟಿವಿ ಆಫ್ ಆಗಿತ್ತು. ಹೌದಲ್ಲ, ಆ ಆಟಗಾರ ರಿಟೈರ್ ಆಗಿ ತಿಂಗಳಾಯಿತು ಎಂದು ನೆನಪು ಮಾಡಿಕೊಂಡು ಕರಿಬೇವು ಹಾಕಿದೆ.

ಅವನ ಹೆಸರು ಬರೆಯುವುದಿಲ್ಲ. ನಾವು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ, 'ನಮ್ಮ ಹುಡುಗ' ಅನ್ನುತ್ತಿದ್ದೆವು. ಅವನು ನಮಗಿಂತ ದೊಡ್ಡವನು, ನಮ್ಮ ಪರಿಚಯ ಅವನಿಗಿಲ್ಲ ಎಂಬ ಸಣ್ಣಪುಟ್ಟ ಸಂಗತಿಗಳು ಇದಕ್ಕೆ ಅಡ್ಡ ಬರಲಿಲ್ಲ. ನಮ್ಮ ಕಡೆಯವನು, ಅಷ್ಟು ಸಾಕಾಗಿತ್ತು. ದಿಲ್ಲಿಗೆ ಬಂದ ಮೇಲೆ ಗದಗವೂ ತುಮಕೂರೂ ಒಂದೇ ಓಣಿಯಾಗಿಬಿಡುತ್ತವೆ.

ಗದಗ ಎಂದರೆ ಬಸವರಾಜ, ನಮ್ಮ ಬಸು. ತುಮಕೂರು ಎಂದರೆ ನಾನು. ಸಿಎ ಪರೀಕ್ಷೆಗೆಂದು ಬಂದು ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದಿದ್ದೆವು. ಅಡುಗೆಮನೆಯಲ್ಲಿ ನಿಂತರೆ ಗೋಡೆ ಅಡ್ಡವಾಗಿ ಟಿವಿ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ನನ್ನ ಹಣೆಬರಹ ನಿರ್ಧಾರವಾದದ್ದು ಆ ಗೋಡೆಯಿಂದ.

ಒಂದು ಮಧ್ಯಾಹ್ನ ನಮ್ಮ ಹುಡುಗ ಆಡುತ್ತಿದ್ದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಬೌಂಡರಿ ಮೇಲೆ ಬೌಂಡರಿ. ತಡೆಯಲಾರದೆ ಲಟ್ಟಣಿಗೆ ಹಿಡಿದೇ ಹೊರಗೆ ಬಂದೆ. ಔಟ್. ಮುಂದಿನ ಪಂದ್ಯದಲ್ಲೂ ಹಾಗೇ ಆಯಿತು. ಮೂರನೇ ಸಲ ನಾನು ಬಾಗಿಲಿನಿಂದ ಮೂಗು ತೂರಿಸಿದ್ದೆನಷ್ಟೆ, ಬಸು ಕಿರುಚಿದ: "ಏ, ಅಲ್ಲೇ ನಿಂದ್ರಪಾ! ನಿನಗ ಕೈ ಮುಗೀತೀನಿ, ಹೊರಗ ಬರಬ್ಯಾಡ!" ಅಂದು ಹುಡುಗ ಶತಕ ಹೊಡೆದ. ಕಾನೂನು ಜಾರಿಯಾಯಿತು. ಅವನು ಕ್ರೀಸಿನಲ್ಲಿರುವಷ್ಟು ಹೊತ್ತು ನಾನು ಒಲೆಯ ಮುಂದೆ.

ನಗಬೇಡಿ. ನಾನು ಅಡುಗೆ ಕಲಿತದ್ದೇ ಹೀಗೆ. ಅವನು ಬೇಗ ಔಟಾದ ದಿನ ನಮ್ಮಲ್ಲಿ ಚಿತ್ರಾನ್ನ, ನೆಲೆಯೂರಿ ಆಡಿದ ದಿನ ಬಿಸಿಬೇಳೆಬಾತು. ಕಾಮೆಂಟರಿಯವರು ಬಾಯಿ ತೆರೆಯುವ ಮೊದಲೇ ಜನರ ಗದ್ದಲದಿಂದ ಅದು ಒಂಟಿ ರನ್ನೋ ನಾಲ್ಕೋ ಎಂದು ನಾನು ಹೇಳಬಲ್ಲವನಾದೆ. ಹೈಲೈಟ್ಸ್ ನೋಡಬಹುದಿತ್ತು, ನೋಡುತ್ತಲೂ ಇದ್ದೆ. ಆದರೆ ಅದು ಆರಿದ ಅನ್ನ. ಹೊಟ್ಟೆ ತುಂಬುತ್ತದೆ, ಹಬೆ ಇರುವುದಿಲ್ಲ.

ಅವನನ್ನು ಅಷ್ಟೊಂದು ಯಾಕೆ ಹಚ್ಚಿಕೊಂಡಿದ್ದೆವು ಎಂದು ನೀವು ಕೇಳಬಹುದು. ಒಂದು ದಿನದ ಮಾತು ಹೇಳುತ್ತೇನೆ. ಬೆಳಿಗ್ಗೆ ಫಲಿತಾಂಶ ಬಂದು ಬಸು ಮತ್ತೆ ಫೇಲಾಗಿದ್ದ. ಊರಿಗೆ ಹೋಗಿಬಿಡುವುದೇ ಸರಿ ಎಂದು ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರವಿ, ಟಿವಿಯ ಮುಂದೆ ಕೂತಿದ್ದ. ಪಂದ್ಯ ಸೋಲುವುದರಲ್ಲಿತ್ತು. ನಮ್ಮ ಹುಡುಗ ಬಂದ, ನಿಂತ, ಹೊಡೆಯಲಿಲ್ಲ, ಔಟೂ ಆಗಲಿಲ್ಲ. ಸಂಜೆಯವರೆಗೆ ಅದೇ. ನಾನು ಉಪ್ಪಿಟ್ಟು ಮಾಡಿದೆ, ಅನ್ನ ಸಾರು ಮಾಡಿದೆ, ಇದ್ದ ರವೆಯನ್ನೆಲ್ಲ ಸುರಿದು ಕೇಸರಿಬಾತೂ ಮಾಡಿದೆ. ಪಂದ್ಯ ಡ್ರಾ ಆದಾಗ ಬಸು ಅಡುಗೆಮನೆಗೆ ಬಂದು, "ನಾಳಿಯಿಂದ ಮತ್ತ ಓದತೀನಿ. ಹೊಟ್ಟಿಗೆ ಏನರ ಹಾಕು," ಎಂದ. ಅವನ ಕಣ್ಣುಗಳು ಕೆಂಪಗಿದ್ದವು. ಆ ಆಟಗಾರನ ಮೇಲೆ ನನಗೆ ಹುಟ್ಟಿದ್ದು ಅಭಿಮಾನ ಅನ್ನುವುದಕ್ಕಿಂತ ಋಣ ಎನ್ನಬೇಕು.

ಬಸು ಸಿಎ ಆದ, ಹುಬ್ಬಳ್ಳಿಗೆ ಹೋಗಿ ಆಫೀಸು ತೆರೆದ. ನಾನು ಆಗಲಿಲ್ಲ. ಕಂಪನಿಯೊಂದರ ಅಕೌಂಟ್ಸ್ ವಿಭಾಗ ಸೇರಿ ಇಲ್ಲೇ ಉಳಿದೆ. ಕಾನೂನು ಮಾತ್ರ ಬದಲಾಗಲಿಲ್ಲ. ಹುಡುಗ ಬ್ಯಾಟ್ ಹಿಡಿದು ಇಳಿದನೆಂದರೆ ಹುಬ್ಬಳ್ಳಿಯಿಂದ ಫೋನು: "ಒಳಗ ಅದಿ ಇಲ್ಲೋ? ಸಪ್ಪಳ ಮಾಡಿ ತೋರ್ಸು." ನಾನು ಸೌಟಿನಿಂದ ಪಾತ್ರೆ ಬಡಿಯಬೇಕು. ಆಫೀಸಿನಲ್ಲಿದ್ದರೆ ಪ್ಯಾಂಟ್ರಿಗೆ ಓಡಿ ಚಹಾದ ಲೋಟ ಬಡಿಯುತ್ತಿದ್ದೆ. ಪ್ಯಾಂಟ್ರಿಯ ಭಯ್ಯಾ ನನಗೆ ಏನೋ ಆಗಿದೆ ಎಂದೇ ತಿಳಿದಿದ್ದ. ಬೇರೆ ದಿನ ನಾವು ಮಾತಾಡುತ್ತಿರಲಿಲ್ಲ. ತನ್ನ ತಂದೆ ತೀರಿಕೊಂಡದ್ದನ್ನೂ ಬಸು ಒಂದು ಪಂದ್ಯದ ಟೀ ವಿರಾಮದಲ್ಲೇ ಹೇಳಿದ.

ಹಾಗಾಗಿ 'ಈ ಪಂದ್ಯವೇ ಕೊನೆ' ಎಂದು ಹುಡುಗ ಹೇಳಿದಾಗ ನನಗೆ ಎರಡು ಸಂಕಟ. ಅವನು ಆಡುತ್ತಿರುವಾಗಲೇ ಟಿವಿಯಲ್ಲಿ ಒಮ್ಮೆಯೂ ಸರಿಯಾಗಿ ನೋಡದೆ ಮುಗಿಯುತ್ತದಲ್ಲ ಎಂಬುದು ಒಂದು. ಇನ್ನು ಮುಂದೆ ಬಸು ಯಾಕೆ ಫೋನು ಮಾಡುತ್ತಾನೆ ಎಂಬುದು ಇನ್ನೊಂದು. ದೊಡ್ಡದು ಎರಡನೆಯದೇ. ಯಾರಿಗೂ ಹೇಳಲಿಲ್ಲ.

ಕೊನೆಯ ಇನ್ನಿಂಗ್ಸ್ ದಿನ, ಇಲ್ಲೇ ಹುಟ್ಟಿ ಹಿಂದಿಯಲ್ಲೇ ಮಾತಾಡುವ ನನ್ನ ಮಗಳು ಫೋನ್ ಹಿಡಿದು ಅಡುಗೆಮನೆಗೆ ಬಂದಳು: "ಪಪ್ಪಾ, ಬಸು ಅಂಕಲ್ ಕಾ ಫೋನ್!" ಕೇಳುವ ಮೊದಲೇ ಪಾತ್ರೆ ಬಡಿದೆ.

"ಆತು, ಕೇಳಿಸ್ತು," ಎಂದ ಬಸು. ಆಮೇಲೆ, "ಗ್ಯಾಸ್ ಆರ್ಸು. ಹೊರಗ ಬಾ," ಎಂದ.

"ಏನೋ ಹೇಳ್ತಿದ್ದೀಯ? ಔಟಾದ್ರೆ?"

"ಆದ್ರ ಆಗ್ಲಿ. ಇಷ್ಟ್ ವರ್ಷ ಒಳಗ ನಿಂತಿ. ಒಮ್ಮೆ ಕಣ್ಣ್ ತುಂಬ ನೋಡ್ಕೊ."

ಕೈ ಒರೆಸಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತೆ, ಯಾರದೋ ಮನೆಗೆ ಬಂದವನಂತೆ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟೆ. ಹೈಲೈಟ್ಸ್‌ನಲ್ಲಿ ಯಾವತ್ತೂ ತೋರಿಸದ್ದೆಲ್ಲ ಅಂದು ಕಂಡಿತು. ಚೆಂಡನ್ನು ಹೊಡೆಯದೆ ಬಿಟ್ಟ ಮೇಲೆ ಅವನು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುವವನ ಹಾಗೆ ನೆಲ ನೋಡುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. "ಮಾರ್ ಹೀ ನಹೀ ರಹೇ, ಪಪ್ಪಾ," ಅವನು ಹೊಡೆಯುತ್ತಲೇ ಇಲ್ಲವೆಂದು ಮಗಳು ಬೇಸರಪಟ್ಟಳು. ನನಗೆ ಅದೇ ಬೇಕಿತ್ತು. ಅವನು ಸುಮ್ಮನೆ ನಿಂತಿರುವುದನ್ನು ನೋಡುತ್ತ ಸೋಫಾದ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತೆ.

ಚೆಂಡೊಂದು ಒಳಕ್ಕೆ ತಿರುಗಿ ಸ್ಟಂಪ್ ಉರುಳಿಸಿತು.

ಮಗಳು ನನ್ನ ಮುಖ ನೋಡಿದಳು. ಅಡುಗೆಮನೆಯಲ್ಲೇ ಇದ್ದಿದ್ದರೆ, ಅಂದುಕೊಂಡೆ. ಅವನು ಬ್ಯಾಟ್ ಎತ್ತಿ ನಡೆದುಹೋಗುವಾಗ ಫೋನಿನಿಂದ ಬಸುವಿನ ದನಿ ಬಂತು, ಮೂಗು ಕಟ್ಟಿದ ದನಿ: "ಏ... ನಿನ್ನಿಂದ ಅಲ್ಲೋ. ಬಾಲ್ ಭಾಳ ಛಲೋ ಬಿತ್ತು."

ಮತ್ತೆ ಯಾವಾಗ ಮಾತಾಡೋಣ ಎಂದು ಇಬ್ಬರೂ ಕೇಳದೆಯೇ ಫೋನು ಇಟ್ಟೆವು.

ಅದಾದ ಮೇಲೆ ಫೋನು ಬರಲಿಲ್ಲ. ನಾನೇ ಮಾಡಬಹುದಿತ್ತು, ಒಪ್ಪುತ್ತೇನೆ. ಆದರೆ ಮಾಡಿ ಏನೆನ್ನುವುದು? 'ಸುಮ್ಮನೆ ಮಾಡಿದೆ' ಎನ್ನುವುದು ನಮ್ಮಂಥ ಗಂಡಸರಿಗೆ ಬಹಳ ಕಷ್ಟದ ಮಾತು.

ನಿನ್ನೆ ಕರಿಬೇವು ಹಾಕಿ, ಇಂಗಿನ ಡಬ್ಬಿ ತೆರೆಯುತ್ತಿದ್ದೆ. ಮಗಳು ಓಡಿ ಬಂದಳು: "ಬಸು ಅಂಕಲ್! ಲೇಕಿನ್ ಆಜ್ ತೋ ಮ್ಯಾಚ್ ಹೀ ನಹೀ ಹೈ!" ಪಂದ್ಯವಿಲ್ಲದ ದಿನದ ಫೋನು ಅವಳಿಗೂ ಹೊಸದು. ಕೈ ಅಭ್ಯಾಸ ಬಿಡಲಿಲ್ಲ, ಸೌಟು ಹಿಡಿದು ಪಾತ್ರೆ ಬಡಿಯಿತು. ಬಸು ನಕ್ಕ.

"ಅದು ಇರ್ಲಿ. ಏನ್ ಅಡಗಿ ಮಾಡಾಕತ್ತಿ?"

ಇಷ್ಟು ವರ್ಷ ಒಳಗಿದ್ದೀಯಾ ಎಂದು ಕೇಳಿದ್ದನೇ ಹೊರತು ಏನು ಬೇಯಿಸುತ್ತಿದ್ದೇನೆ ಎಂದು ಅವನು ಕೇಳಿದ್ದಿಲ್ಲ.

"ಸಾರು," ಎಂದೆ.

"ಹ್ಯಾಂಗ ಮಾಡತಿ? ಮೊದಲಿಂದ ಹೇಳು," ಎಂದ ಬಸು. "ನಂಗ ಟೈಮ್ ಐತಿ."

ಒಲೆ ಆರಿಸಿ, ಸ್ಟೂಲ್ ಎಳೆದುಕೊಂಡು ಕೂತೆ.