ಬೂಟು ಬಿಡಲು ಬಟನ್ ಇಲ್ಲದ ಗುಡಿ

ವೇದಿಕೆಯ ಮೇಲಿರುವ ಗಣ್ಯರೇ, ಅಲ್ಲಿ ಕುರ್ಚಿ ಸಾಲದೆ ಕೆಳಗೆ ಕುಳಿತ ಇನ್ನಷ್ಟು ಗಣ್ಯರೇ, ನೆಟ್‌ವರ್ಕ್ ಸಿಕ್ಕ ಪುಣ್ಯವಂತರೇ...

ಹೋದ ತಿಂಗಳು ಒಂದು ಭಾನುವಾರ ಮುಂಜಾನೆ ನಾನು ಕಾಗಿಣಾ ನದಿ ದಂಡೆಯ ಹಳೆಯ ಕಲ್ಲುಗುಡಿಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ನನ್ನ ದೇಹ ಮಾತ್ರ ಸೇಡಂನ ಮನೆಯಲ್ಲಿ, ಕಾಲೇಜಿನಿಂದ ಕೇಳಿ ತಂದ ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು.

ವಿಷಯ ಇಷ್ಟು. ನಾನು ಡಿಗ್ರಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ, ಕನ್ನಡ ಮಾಧ್ಯಮದ ಬಿ.ಎ. ನಲವತ್ತೈದು ದಾಟಿದ ಮೇಲೆ ಆನ್‌ಲೈನಿನಲ್ಲಿ ಇತಿಹಾಸದ ಎಂ.ಎ.ಗೆ ಸೇರಿದವನು.

ಶಾಸನಗಳ ಪೇಪರಿನಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ಇನ್ನೊಮ್ಮೆ ಹೊಡೆದರೆ ಕೋರ್ಸಿನಿಂದಲೇ ಹೊರಗೆ.

ಹೋದ ಸಲ ಆ ಪೇಪರ್ ಅಂದರೆ ಬರೀ ಪಿಡಿಎಫ್. ಸರ್ ಸ್ಲೈಡ್ ಓದುತ್ತಿದ್ದರು, ನಾನು ಮ್ಯೂಟ್ ಮಾಡಿ ಮನೆಯಾಕೆಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದೆ. ಅವರ ಪಾಠ ಅವರಿಗೆ, ನಮ್ಮ ಊಟ ನಮಗೆ.

ಈ ವರ್ಷ ಬಂದರು ನೋಡಿ, ನಸೀಮಾ ಮೇಡಂ. ಶಹಾಬಾದಿನವರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಊರಲ್ಲಿ ಬೆಳೆದವರಿಗೆ ಕಲ್ಲು ಕಂಡರೆ ಸುಮ್ಮನಿರಲು ಆಗುವುದಿಲ್ಲವೇನೋ.

ರಜೆಯ ದಿನಗಳಲ್ಲಿ ಆ ಗುಡಿಗೆ ಹೋಗಿ, ಒಂದೊಂದು ಕಂಬದ ಫೋಟೊ ತೆಗೆದು, ಒಂದೊಂದು ಕಲ್ಲಿಗೂ ಟೇಪು ಹಿಡಿದು, ಇಡೀ ಗುಡಿಯನ್ನು ಕಂಪ್ಯೂಟರಿನೊಳಗೆ ಎಬ್ಬಿಸಿ ನಿಲ್ಲಿಸಿದ್ದರು. ನಾವು ಒಬ್ಬೊಬ್ಬರೂ ಒಂದೊಂದು ಬೊಂಬೆಯಾಗಿ ಅದರಲ್ಲಿ ಅಡ್ಡಾಡಬೇಕು.

ನನ್ನ ಬೊಂಬೆಗೆ ನನಗಿಲ್ಲದಷ್ಟು ಕೂದಲು, ನಾನು ಲಗ್ನದಲ್ಲೂ ಹಾಕದಂಥ ಕರಿ ಬೂಟು.

ಒಳಗಿನ ಶಾಸನ ನೇರ ಬೆಳಕಿಗೆ ಕಾಣುವುದೇ ಇಲ್ಲ. ಒಬ್ಬರು ದೀಪವನ್ನು ಓರೆಯಾಗಿ ಹಿಡಿಯಬೇಕು, ಆಗ ಅಕ್ಷರ ಮೇಲೇಳುತ್ತವೆ. ಇನ್ನೊಬ್ಬರು ಓದಬೇಕು, ಮತ್ತೊಬ್ಬರು ಬರೆಯಬೇಕು.

ಒಬ್ಬನೇ ಜಾಣನಾದರೆ ಸೊನ್ನೆ, ಮೂವರೂ ಕೂಡಿದರೆ ಬೆಣ್ಣೆ. ಇಪ್ಪತ್ತು ವರ್ಷ ಕಾಲೇಜಿನಲ್ಲೇ ಕೂತಿದ್ದರೂ ಇಂಥ ಪಾಠ ನಾನು ನೋಡಿರಲಿಲ್ಲ.

ಪರೀಕ್ಷೆಯೂ ಇದೇ. ಅಲ್ಲಿಯವರೆಗೆ ಅಂಗಳದಲ್ಲಷ್ಟೇ ಅಡ್ಡಾಡಿದ್ದ ನಾವು, ಆ ಭಾನುವಾರ ಮೊದಲ ಸಲ ಒಂದು ತಾಸಿನಲ್ಲಿ ಒಳಗೆ ಹೋಗಿ ಶಾಸನ ಓದಿ ಬರಬೇಕು. ಹೋಗದಿದ್ದರೆ ಗೈರುಹಾಜರಿ.

ನಮ್ಮ ಗುಂಪಿನಲ್ಲಿ ವಾಡಿಯ ಮಲ್ಲಿನಾಥ, ಮಾತಿನಲ್ಲಿ ಮಹಾ ಚುರುಕು. ಇನ್ನೊಬ್ಬರು ಚಿಂಚೋಳಿ ಕಡೆಯ ಐನಾಪುರದ ಅಂಗನವಾಡಿ ಟೀಚರ್ ನೀಲಮ್ಮ, ಕ್ಲಾಸಿನಲ್ಲಿ ಒಮ್ಮೆಯೂ ಮೈಕ್ ಆನ್ ಮಾಡಿದವರಲ್ಲ. ವಯಸ್ಸಿನಲ್ಲಿ ಹಿರಿಯನೆಂದು ನನ್ನನ್ನು ಮುಂದೆ ಬಿಟ್ಟಿದ್ದರು.

ಬಾಗಿಲ ಮುಂದೆ ನನ್ನ ಬೊಂಬೆ ನಿಂತುಬಿಟ್ಟಿತು. ಹಿಂದೆ ಅವರಿಬ್ಬರದೂ ನಿಂತವು.

"ಯಾಕ ನಿಂತ್ರಿ ಅಣ್ಣಾರ?" ಮಲ್ಲಿನಾಥ ಕೇಳಿದ.

"ಕಾಲಾಗ ಬೂಟ್ ಅದಾವಲ್ಲಪಾ" ಅಂದೆ.

ಇಬ್ಬರೂ ತಮ್ಮ ಬೊಂಬೆಯ ಕಾಲು ನೋಡಿಕೊಂಡರು. ಆಮೇಲೆ ಮೂವರೂ ಬೂಟು ಬಿಡುವ ಬಟನ್ ಹುಡುಕತೊಡಗಿದೆವು. ಮಲ್ಲಿನಾಥನ ಬೊಂಬೆ ಹಾರಿತು, ಕೈ ಬೀಸಿತು, ಸೊಂಟ ಕುಣಿಸಿತು.

"ಕುಣಿಲಾಕ ಬಟನ್ ಅದ, ಚಪ್ಪಾಳಿ ಹೊಡಿಲಾಕ ಬಟನ್ ಅದ, ಬೂಟ್ ಬಿಡ್ಲಾಕ ಇಲ್ಲ. ಇದು ಗುಡಿನೋ, ಲಗ್ನದ ಬರಾತೋ?"

ಅಷ್ಟರಲ್ಲಿ ಚಿತ್ತಾಪುರದ ಗುಂಪು ಬಂತು. ನಮ್ಮನ್ನು ನೋಡಿ ಅವರೂ ತಮ್ಮ ಕಾಲು ನೋಡಿಕೊಂಡರು, ನಿಂತರು. ಹಿಂದೆ ಬಂದ ಗುಂಪುಗಳೂ ನಿಂತವು. ಪಾಳಿಯ ಸಾಲು ಅಂಗಳದವರೆಗೆ ಬೆಳೆಯಿತು.

ಪರೀಕ್ಷೆಯ ಗಡಿಯಾರ ಮಾತ್ರ ಓಡುತ್ತಲೇ ಇದೆ...

ಯಾರೋ ಒಬ್ಬರು ಇದು ಬರೀ ಕಂಪ್ಯೂಟರ್, ನಡೀರಿ, ಟೈಮ್ ಹೋಗುತ್ತದೆ ಎಂದರು. ಆಗ ಮೊದಲ ಸಲ ನೀಲಮ್ಮನ ದನಿ ಕೇಳಿಸಿತು.

"ಒಳಗ ಲಿಂಗ ಅದ ಅಲ್ರೀ."

ಅಷ್ಟೇ. ಯಾರೂ ಕದಲಲಿಲ್ಲ.

ಒಬ್ಬರೂ ಒಳಗೆ ಬಾರದ್ದು ಕಂಡು ಮೇಡಂ ತಾವೇ ಬೊಂಬೆಯಾಗಿ ಬಂದರು. ಸಂಗತಿ ಕೇಳಿ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ನಗಲೂ ಇಲ್ಲ.

"ತಪ್ಪು ನಂದೇ ಅದ. ಅಷ್ಟು ಸರ್ತಿ ಅಲ್ಲಿಗಿ ಹೋದಾಗ ನಾನೂ ಚಪ್ಪಲ್ ಹೊರಗೇ ಬಿಟ್ಟೀನಿ. ಕಲ್ಲಿನ ಅಳತಿ ತಗೊಂಡೆ, ಮಂದಿ ಹ್ಯಾಂಗ ಒಳಗ ಹೋಗ್ತಾರಂತ ಬರಕೊಳ್ಳಲಿಲ್ಲ" ಎಂದರು.

ಗಡಿಯಾರ ನಿಲ್ಲಿಸಿ, ಪರೀಕ್ಷೆಯನ್ನು ಬುಧವಾರಕ್ಕೆ ಮುಂದೂಡಿದರು. ನನಗಿಂತ ಎಷ್ಟೋ ಹೆಚ್ಚು ಓದಿದವರು, ವಿದ್ಯಾರ್ಥಿಗಳ ಮುಂದೆ ಹೀಗೆ ಒಪ್ಪಿಕೊಂಡದ್ದನ್ನು ನಾನು ಮರೆಯಲಾರೆ.

ಬುಧವಾರ ಹೋದರೆ ಬಾಗಿಲ ಪಕ್ಕ ಒಂದು ಫರಸಿ ಕಟ್ಟೆ! ಹತ್ತಿರ ಹೋದರೆ ಸಾಕು, ಬೂಟು ತಾವೇ ಕಳಚಿ ಕಟ್ಟೆಯ ಮೇಲೆ ಕೂರುತ್ತವೆ, ಬಾಗಿಲೂ ತಾನೇ ತೆರೆದುಕೊಳ್ಳುತ್ತದೆ. ಬರಿಗಾಲಿನ ಹೆಜ್ಜೆಯ ಸಪ್ಪಳವನ್ನೂ ಬೇರೆ ಮಾಡಿದ್ದರು.

ಮಲ್ಲಿನಾಥ ದೀಪ ಓರೆ ಹಿಡಿದ, ನೀಲಮ್ಮ ಓದಿದರು, ನಾನು ಬರೆದೆ. ಗುಡಿಯ ದೀಪಕ್ಕೆ ಎಣ್ಣೆ ಕೊಟ್ಟ ಹೆಣ್ಣುಮಗಳೊಬ್ಬಳ ಹೆಸರಿತ್ತು ಅದರಲ್ಲಿ. ನೀಲಮ್ಮ ಆ ಹೆಸರನ್ನು ಎರಡು ಸಲ ಓದಿದರು, ಯಾರೂ ಕೇಳದೆಯೇ.

ಮೂವರೂ ಪಾಸು.

ಈಗ ಮೇಡಂ ಎಲ್ಲ ಕಡೆ ನನ್ನ ಹೆಸರು ಹೇಳುತ್ತಿದ್ದಾರೆ. ಈ ನೆಲದ ಸಂಸ್ಕಾರ ತಿಳಿದ ಹಿರಿಯ ವಿದ್ಯಾರ್ಥಿ ನಾನಂತೆ. ಆನ್‌ಲೈನ್ ಕೋರ್ಸ್ ಹೇಗೆ ಕಟ್ಟಬೇಕೆಂದು ಅಧ್ಯಾಪಕರಿಗೊಂದು ಕಾರ್ಯಾಗಾರ ಇದೆ, ಬಂದು ಹತ್ತು ನಿಮಿಷ ಮಾತಾಡಬೇಕಂತೆ. ಮೂರು ದಿನದಿಂದ ಭಾಷಣ ಬರೆಯುತ್ತಿದ್ದೇನೆ, 'ಪುಣ್ಯವಂತರೇ' ದಾಟಿ ಮುಂದೆ ಸಾಗುತ್ತಿಲ್ಲ...

ಯಾಕೆಂದರೆ ಗೆಳೆಯರೇ, ಆವತ್ತು ಬೂಟಿನ ನೆನಪು ನನಗೆ ಬಂದೇ ಇರಲಿಲ್ಲ. ಬಾಗಿಲು ತೆರೆಯಲು ಯಾವ ಬಟನ್ ಒತ್ತಬೇಕೆಂದು ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿದೆ. ಬೂಟಿಗಾಗಿ ಖರೇ ನಿಂತವರು ಉಳಿದವರು.